ತರಚಿದ ಮೊಣಕಾಲಿನ ಚರಿತ್ರೆ

ಬೈಸಿಕಲ್ಲಿನ ಚರಿತ್ರೆಯನ್ನು ಬರೆದವರು ಅದನ್ನು ಕಲ್ಪಿಸಿದವರ, ಕಟ್ಟಿದವರ, ಮಾರಿದವರ ಹೆಸರುಗಳನ್ನು ಆದರದಿಂದ ಕಾದಿಟ್ಟಿದ್ದಾರೆ; ಪಂದ್ಯಗಳಲ್ಲಿ ಗೆದ್ದವರನ್ನೂ ಮರೆತಿಲ್ಲ. ಅದರಿಂದ ಬಿದ್ದವರಿಗೆ ಮಾತ್ರ ಆ ಪುಟಗಳಲ್ಲಿ ಸಿಕ್ಕಿರುವ ಸ್ಥಳ ಬಹಳ ಕಡಮೆ. ಬೀಳದೆ ಸೈಕಲ್ ಕಲಿತವರು ವಿರಳವಾದುದರಿಂದ, ಇದು ಸವಾರ ಸಮುದಾಯದ ಬಹುಸಂಖ್ಯಾತರಿಗೆ ಆಗಿರುವ ಅನ್ಯಾಯವೆಂದೇ ಹೇಳಬೇಕು.

ಬೀಳುವ ಕಥೆ ಎಲ್ಲರಿಗೂ ತಿಳಿದದ್ದೇ. ಮುಂದಿನ ಚಕ್ರ ಮರಳಿನಲ್ಲಿ ಜಾರುತ್ತದೆ, ಅಥವಾ ನಾಯಿಯೊಂದು ಅಡ್ಡ ಬರುತ್ತದೆ. ಬೀಳುವವನು ತನಗೆ ತಿಳಿಯದೆಯೇ ಕೈಯೂರುತ್ತಾನೆ. ಅಂಗೈ, ಮೊಣಕೈ, ಮೊಣಕಾಲು, ಈ ಮೂರು ಕಡೆ ಚರ್ಮ ಸುಲಿಯುತ್ತದೆ. ಎದ್ದವನು ಮೊದಲು ಯಾರಾದರೂ ನೋಡಿದರೇ ಎಂದು ಸುತ್ತ ಕಣ್ಣಾಡಿಸುತ್ತಾನೆ. ಆಮೇಲೆ ಸೊಟ್ಟಗಾದ ಹ್ಯಾಂಡಲನ್ನು ನೆಟ್ಟಗೆ ಮಾಡುತ್ತಾನೆ. ತನ್ನ ಗಾಯವನ್ನು ನೋಡಿಕೊಳ್ಳುವುದು ಕೊನೆಗೆ. ಮನೆಯಲ್ಲಿ ಕೇಳಿದರೆ, “ಏನೂ ಇಲ್ಲ, ಸ್ವಲ್ಪ ತರಚಿದೆ” ಎನ್ನುತ್ತಾನೆ. ಎರಡು ದಿನ ಕುಂಟು, ನಾಲ್ಕನೆಯ ದಿನ ತುರಿಕೆ, ವಾರ ಹತ್ತು ದಿನಗಳಲ್ಲಿ ಹಕ್ಕಳೆ ಉದುರಿ ಅಡಿಯಲ್ಲಿ ಎಳೆಗೆಂಪು ಚರ್ಮ. ಅಲ್ಲಿಗೆ ಪ್ರಕರಣ ಮುಗಿಯಿತು.

“ಸ್ವಲ್ಪ ತರಚಿದೆ” ಎಂಬ ಈ ಮಾತಿನಲ್ಲಿರುವ ನಿಶ್ಚಿಂತೆಗೆ ವಯಸ್ಸೆಷ್ಟು ಎಂದು ವಿಚಾರಿಸುವುದು ಈ ಲೇಖನದ ಉದ್ದೇಶ. ಗಾಯ ಸಣ್ಣದು ಎಂಬುದು ಪ್ರಕೃತಿಸಿದ್ಧವಾದ ಸಂಗತಿಯೆಂದು ನಾವು ಭಾವಿಸುತ್ತೇವೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಬೈಸಿಕಲ್ಲು ಹುಟ್ಟಿದಾಗ ಈ ನಿಶ್ಚಿಂತೆ ಇನ್ನೂ ಹುಟ್ಟಿರಲಿಲ್ಲ. ಸೈಕಲ್ಲು ಬೆಳೆದು ದೊಡ್ಡದಾದ ಕಾಲದಲ್ಲಿಯೇ, ಬೇರೆ ಬೇರೆ ಊರುಗಳಲ್ಲಿ, ಒಬ್ಬರನ್ನೊಬ್ಬರು ಕಾಣದ ಜನರು ದುಡಿದು ಸಣ್ಣ ಗಾಯವನ್ನು ಸಣ್ಣದನ್ನಾಗಿ ಮಾಡಿದರು.

ಸೈಕಲ್ಲಿನ ಪೂರ್ವಜ ಹುಟ್ಟಿದ್ದು ೧೮೧೭ರಲ್ಲಿ, ಜರ್ಮನಿಯ ಮನ್‌ಹೈಮ್ ನಗರದಲ್ಲಿ. ಕಾರ್ಲ್ ಡ್ರೈಸ್ ಎಂಬ ಅರಣ್ಯಾಧಿಕಾರಿ ಎರಡು ಮರದ ಚಕ್ರಗಳನ್ನು ಒಂದರ ಹಿಂದೊಂದು ಜೋಡಿಸಿ, ನಡುವೆ ಕುಳಿತು, ಕಾಲಿನಿಂದ ನೆಲವನ್ನು ಹಿಂದಕ್ಕೆ ತಳ್ಳುತ್ತ ಆ ವರ್ಷದ ಜೂನ್ ೧೨ರಂದು ಊರ ಹೊರಗೆ ಹೋಗಿ ಬಂದನು. ಅದಕ್ಕೆ ಪೆಡಲು ಇರಲಿಲ್ಲ. ಕಾಲು ನೆಲಕ್ಕೆ ತಾಗಿಕೊಂಡೇ ಇದ್ದುದರಿಂದ ಬೀಳುವ ಭಯವೂ ಅಷ್ಟಾಗಿರಲಿಲ್ಲ. ೧೮೬೦ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಮುಂದಿನ ಚಕ್ರಕ್ಕೆ ಪೆಡಲು ಬಂದಿತು. ಕಾಲು ನೆಲವನ್ನು ಬಿಟ್ಟಿತು. ಬೀಳುವ ವಿದ್ಯೆಗೆ ಶ್ರೀಕಾರವಾದದ್ದು ಆಗಲೇ. ಕಬ್ಬಿಣದ ಪಟ್ಟಿ ಹೊಡೆದ ಚಕ್ರಗಳ ಆ ವಾಹನಕ್ಕೆ ಇಂಗ್ಲಿಷರು ಇಟ್ಟ ಅಡ್ಡಹೆಸರಿನ ಅರ್ಥ “ಎಲುಬು ಕುಲುಕುವ ಗಾಡಿ” ಎಂದು.

ಪೆಡಲು ನೇರವಾಗಿ ಚಕ್ರಕ್ಕೇ ಇದ್ದಾಗ, ಕಾಲು ಒಂದು ಸುತ್ತು ತಿರುಗಿದರೆ ಚಕ್ರವೂ ಒಂದೇ ಸುತ್ತು. ಹೆಚ್ಚು ದೂರ ಹೋಗಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು. ಹೀಗಾಗಿ ೧೮೭೦ರ ದಶಕದಲ್ಲಿ ಮುಂದೆ ಮನುಷ್ಯನ ಎದೆಯೆತ್ತರದ ಚಕ್ರ, ಹಿಂದೆ ತಟ್ಟೆಯಂಥ ಪುಟ್ಟ ಚಕ್ರ ಇರುವ ಸೈಕಲ್ಲು ಬಂದಿತು. ಸವಾರ ದೊಡ್ಡ ಚಕ್ರದ ನೆತ್ತಿಯ ಮೇಲೆ ಕುಳಿತಿರುತ್ತಿದ್ದನು. ದಾರಿಯಲ್ಲಿ ಒಂದು ಕಲ್ಲು ಸಿಕ್ಕಿ ಚಕ್ರ ತಟಕ್ಕನೆ ನಿಂತರೆ ಇಡೀ ಯಂತ್ರ ಅಚ್ಚಿನ ಸುತ್ತ ಮುಂದಕ್ಕೆ ಮಗುಚಿ, ಸವಾರ ತಲೆ ಕೆಳಗಾಗಿ ನೆಲಕ್ಕೆ ಬರುತ್ತಿದ್ದನು. ಇದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅದಕ್ಕೆ ಇಂಗ್ಲಿಷಿನಲ್ಲಿ ಒಂದು ಪ್ರತ್ಯೇಕ ಹೆಸರೇ ರೂಢಿಗೆ ಬಂದಿತ್ತು. ಅಮೆರಿಕದ ವಿನೋದ ಲೇಖಕ ಮಾರ್ಕ್ ಟ್ವೇನ್ ೧೮೮೪ರಲ್ಲಿ, ತನ್ನ ನಲವತ್ತೆಂಟನೆಯ ವಯಸ್ಸಿನಲ್ಲಿ, ಇಂಥ ಸೈಕಲ್ಲನ್ನು ಏರಲು ಕಲಿತನು. ಆ ಅನುಭವವನ್ನು ಕುರಿತ ಅವನ ಪ್ರಬಂಧ ಅವನು ತೀರಿಕೊಂಡ ಮೇಲೆ, ೧೯೧೭ರಲ್ಲಿ ಅಚ್ಚಾಯಿತು. ಅದರಲ್ಲಿ ಅವನು ಸೈಕಲ್ಲಿನ ಜೊತೆಗೇ ಪಾಂಡ್ಸ್ ಕಂಪನಿಯ ನೋವಿನೌಷಧವನ್ನು ಪೀಪಾಯಿಗಟ್ಟಲೆ ಕೊಂಡನೆಂದು ಬರೆದುಕೊಳ್ಳುತ್ತಾನೆ. ಈಗ ಮುಖಕ್ಕೆ ಹಚ್ಚುವ ಕ್ರೀಮಿನಿಂದ ನಮ್ಮ ಮನೆಗಳಿಗೆ ಪರಿಚಿತವಾದ ಆ ಹೆಸರು ಹಿಂದೆ ಪೆಟ್ಟು ತಿಂದ ಮೈಗೆ ಆಪ್ತವಾಗಿತ್ತು.

೧೮೮೫ರಲ್ಲಿ ಇಂಗ್ಲೆಂಡಿನ ಕಾವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬವನು ಈಗ ನಾವು ಕಾಣುವ ಆಕಾರದ ಸೈಕಲ್ಲನ್ನು ಮಾರುಕಟ್ಟೆಗೆ ತಂದನು. ಚೈನಿನ ಉಪಾಯದಿಂದ ದೊಡ್ಡ ಚಕ್ರದ ಅಗತ್ಯ ತಪ್ಪಿ, ಸವಾರ ನೆಲದ ಹತ್ತಿರಕ್ಕೆ ಇಳಿದನು. ಆ ಮಾದರಿಗೆ “ಸುರಕ್ಷಿತ” ಎಂದೇ ಹೆಸರಾಯಿತು. ೧೮೮೮ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಗಾಳಿ ತುಂಬಿದ ಟೈರನ್ನು ಮಾಡಿದನು. ಇವರಿಬ್ಬರಿಂದ ಬೀಳುವುದು ನಿಲ್ಲಲಿಲ್ಲ. ಬೀಳುವ ಎತ್ತರ ಕಡಮೆಯಾಯಿತು. ತಲೆಯ ಮೇಲೆ ಬರುತ್ತಿದ್ದ ಪೆಟ್ಟು ಬಹುಮಟ್ಟಿಗೆ ಅಂಗೈಗೂ ಮೊಣಕಾಲಿಗೂ ಇಳಿಯಿತು. ೧೮೯೫ರಲ್ಲಿ ಟಾಲ್‌ಸ್ಟಾಯ್ ತನ್ನ ಅರವತ್ತೇಳನೆಯ ವಯಸ್ಸಿನಲ್ಲಿ ಸೈಕಲ್ ಕಲಿಯಲು ಸಾಧ್ಯವಾದದ್ದು ಈ ಇಳಿತದಿಂದಲೇ ಎನ್ನಬಹುದು.

ಸಣ್ಣ ಗಾಯದ ಅರ್ಧ ಚರಿತ್ರೆ ಇಷ್ಟು. ಇದು ಯಂತ್ರಶಿಲ್ಪಿಗಳ ಕೆಲಸ. ಉಳಿದ ಅರ್ಧ ಚರ್ಮಕ್ಕೆ ಸಂಬಂಧಿಸಿದ್ದು.

ಚರ್ಮ ಹರಿದ ಕಡೆ ಏನು ಒಳಹೊಗುತ್ತದೆಂಬುದು ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೂ ಯಾರಿಗೂ ಸ್ಪಷ್ಟವಾಗಿ ತಿಳಿದಿರಲಿಲ್ಲ. ಅಮೆರಿಕದ ಚಿಂತಕ ಥೋರೋನ ಅಣ್ಣ ಜಾನ್, ಕ್ಷೌರದ ಕತ್ತಿಯನ್ನು ಮಸೆಯುವಾಗ ಬೆರಳಿಗೆ ಆದ ಗಾಯದಿಂದ ಧನುರ್ವಾಯು ತಗುಲಿ ೧೮೪೨ರ ಜನವರಿಯಲ್ಲಿ ತೀರಿಕೊಂಡನು. ಅವನಿಗೆ ಇಪ್ಪತ್ತೇಳು ವರ್ಷ. ಇದು ಯುದ್ಧದಲ್ಲಿ ಬಿದ್ದ ಗಾಯವಲ್ಲ. ಬೆಳಗಿನ ಕ್ಷೌರದ ಗಾಯ. ಇನ್ನು ಮೂಳೆ ಮುರಿದು ಚರ್ಮವನ್ನು ಹರಿದು ಹೊರಬಂದಿದ್ದರೆ, ಕಾಲನ್ನು ಕತ್ತರಿಸಿ ಪ್ರಾಣ ಉಳಿಸುವುದೇ ಶಸ್ತ್ರವೈದ್ಯರ ರೂಢಿ. ಕತ್ತರಿಸಿದ ಗಾಯವೂ ಕೀವಾಗಿ ಎಷ್ಟೋ ಜನ ಸಾಯುತ್ತಿದ್ದರು.

ಇದನ್ನು ಬದಲಾಯಿಸಿದ ದಿನವನ್ನು ನಾವು ಗುರುತಿಸಿ ಹೇಳಬಹುದು. ೧೮೬೫ರ ಆಗಸ್ಟ್ ೧೨ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಆಸ್ಪತ್ರೆಗೆ ಹನ್ನೊಂದು ವರ್ಷದ ಹುಡುಗನೊಬ್ಬನನ್ನು ಕರೆತಂದರು. ಅವನ ಹೆಸರು ಜೇಮ್ಸ್ ಗ್ರೀನ್‌ಲೀಸ್. ಬರಿಗಾಡಿಯೊಂದರ ಚಕ್ರ ಕಾಲಿನ ಮೇಲೆ ಹರಿದು, ಮೂಳೆ ಮುರಿದು, ಚರ್ಮ ಹರಿದಿತ್ತು. ಅಲ್ಲಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನು, ಕೊಳೆಯುವಿಕೆಗೆ ಸೂಕ್ಷ್ಮಜೀವಿಗಳೇ ಕಾರಣವೆಂಬ ಫ್ರಾನ್ಸಿನ ಪಾಸ್ಚರನ ಬರಹಗಳನ್ನು ಓದಿದ್ದನು. ಕಾರ್ಲೈಲ್ ಎಂಬ ಊರಿನ ಚರಂಡಿಯ ನಾತವನ್ನು ತಡೆಯಲು ಕಾರ್ಬಾಲಿಕ್ ಆಮ್ಲವನ್ನು ಬಳಸಿದ ಸುದ್ದಿಯೂ ಅವನ ಕಿವಿಗೆ ಬಿದ್ದಿತ್ತು. ಈ ಎರಡನ್ನೂ ಕೂಡಿಸಿ, ಅವನು ಹುಡುಗನ ಗಾಯಕ್ಕೆ ಕಾರ್ಬಾಲಿಕ್ಕಿನಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದನು. ಗಾಯ ಕೀವಾಗಲಿಲ್ಲ. ಆರು ವಾರ ಕಳೆಯುವ ಹೊತ್ತಿಗೆ ಮೂಳೆ ಕೂಡಿಕೊಂಡಿತು. ಹುಡುಗ ತನ್ನೆರಡು ಕಾಲಿನ ಮೇಲೆಯೇ ಮನೆಗೆ ಹೋದನು. ೧೮೬೭ರಲ್ಲಿ ಲಿಸ್ಟರನು ಈ ವೃತ್ತಾಂತವನ್ನು ವೈದ್ಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಪ್ಯಾರಿಸ್ಸಿನ ಬೀದಿಗಳಲ್ಲಿ ಪೆಡಲಿನ ಸೈಕಲ್ಲು ಓಡಾಡತೊಡಗಿದ್ದೂ ಇದೇ ವರ್ಷಗಳಲ್ಲಿ ಎಂಬುದನ್ನು ಇಲ್ಲಿ ನೆನೆಯಬೇಕು. ಬೀಳುವ ಸಾಧನವೂ ಬಿದ್ದವರನ್ನು ಉಳಿಸುವ ಸಾಧನವೂ ಸರಿಸುಮಾರು ಒಟ್ಟಿಗೇ ಲೋಕಕ್ಕೆ ಬಂದವು.

ಧನುರ್ವಾಯುವಿನ ಗುಟ್ಟು ಬಯಲಾಗಲು ಇನ್ನೂ ಇಪ್ಪತ್ತು ವರ್ಷ ಹಿಡಿಯಿತು. ೧೮೮೪ರಲ್ಲಿ ಜರ್ಮನಿಯ ನಿಕೊಲೈಯರ್ ಎಂಬವನು, ಅದು ತೋಟದ ಮಣ್ಣಿನಿಂದ ಬರಬಲ್ಲುದೆಂದು ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದನು. ೧೮೮೯ರಲ್ಲಿ ಬರ್ಲಿನ್ನಿನಲ್ಲಿ ಕೆಲಸಮಾಡುತ್ತಿದ್ದ ಜಪಾನಿನ ಕಿಟಸಾಟೊ ಆ ಸೂಕ್ಷ್ಮಜೀವಿಯನ್ನು ಬೇರ್ಪಡಿಸಿ ಬೆಳೆಸಿದನು. ಮರುವರ್ಷ ಅವನೂ ಬೇರಿಂಗ್ ಎಂಬವನೂ ಸೇರಿ ಅದರ ವಿಷಕ್ಕೆ ಪ್ರತಿವಿಷವನ್ನು ಕಂಡುಹಿಡಿದರು. ಮೊದಲನೆಯ ಮಹಾಯುದ್ಧದಲ್ಲಿ ಆ ಪ್ರತಿವಿಷ ಗಾಯಗೊಂಡ ಅಸಂಖ್ಯ ಸೈನಿಕರನ್ನು ಉಳಿಸಿತು. ರೋಗ ಬರುವ ಮೊದಲೇ ತಡೆಯುವ ಲಸಿಕೆ ೧೯೨೦ರ ದಶಕದಲ್ಲಿ ಫ್ರಾನ್ಸಿನ ಗಾಸ್ತಾನ್ ರಾಮನನ ಕೆಲಸದಿಂದ ಸಾಧ್ಯವಾಯಿತು. ತುಕ್ಕು ಹಿಡಿದ ಕಬ್ಬಿಣದಿಂದ ಧನುರ್ವಾಯು ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಈಗಲೂ ಉಂಟು. ನಿಜವಾಗಿ ತುಕ್ಕಿನ ಅಪರಾಧವೇನೂ ಇಲ್ಲ. ಮಣ್ಣಿನಲ್ಲಿ, ಸಗಣಿಯಲ್ಲಿ, ಲದ್ದಿಯಲ್ಲಿ ಆ ಜೀವಿಯ ಬೀಜಾಣುಗಳು ವರ್ಷಗಟ್ಟಲೆ ಜೀವ ಹಿಡಿದುಕೊಂಡಿರುತ್ತವೆ. ಕುದುರೆಯ ಗಾಡಿಗಳೂ ದನಗಳೂ ಓಡಾಡುತ್ತಿದ್ದ ರಸ್ತೆಯಲ್ಲಿ ಬಿದ್ದ ಸೈಕಲ್ ಸವಾರನ ಮೊಣಕಾಲಿಗೆ ಅಂಟುತ್ತಿದ್ದುದು ಇದೇ ಧೂಳು.

ಇಷ್ಟಾದರೂ ಸಣ್ಣ ಗಾಯ ಪೂರ್ತಿ ಸಣ್ಣದಾಗಿರಲಿಲ್ಲ. ೧೯೨೪ರ ಜೂನ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ಕೂಲಿಜ್‌ನ ಹದಿನಾರು ವರ್ಷದ ಮಗ, ಕಾಲುಚೀಲವಿಲ್ಲದೆ ಬೂಟು ಹಾಕಿಕೊಂಡು ಟೆನ್ನಿಸ್ ಆಡಿದನು. ಬೆರಳಿನ ಮೇಲೆ ಬೊಕ್ಕೆಯೆದ್ದಿತು, ಬೊಕ್ಕೆ ಕೀವಾಯಿತು, ರಕ್ತಕ್ಕೆ ನಂಜೇರಿತು. ಜುಲೈ ೭ರಂದು ಹುಡುಗ ಸತ್ತನು. ಆ ದೇಶದ ಯಾವ ವೈದ್ಯನನ್ನು ಬೇಕಾದರೂ ಕರೆಸಬಲ್ಲ ಮನೆ ಅದು. ಕರೆಸಿದರು. ಬಂದ ವೈದ್ಯರ ಕೈಯಲ್ಲಿ ಮದ್ದಿರಲಿಲ್ಲ.

ಹನ್ನೊಂದು ವರ್ಷಗಳ ಅನಂತರ, ೧೯೩೫ರಲ್ಲಿ, ಜರ್ಮನಿಯ ಗೆರ್‌ಹಾರ್ಟ್ ಡೋಮಾಕ್ ಎಂಬ ಸಂಶೋಧಕನ ಪುಟ್ಟ ಮಗಳಿಗೆ ಹೀಗೆಯೇ ಆಯಿತು. ಕೈಗೆ ಸೂಜಿ ಚುಚ್ಚಿಕೊಂಡು ನಂಜೇರಿ, ಕೈಯನ್ನೇ ಕತ್ತರಿಸಬೇಕಾದೀತೆಂದು ವೈದ್ಯರು ಹೇಳುವವರೆಗೆ ಬಂದಿತು. ತಂದೆ ತಾನು ಪರೀಕ್ಷಿಸುತ್ತಿದ್ದ ಪ್ರಾಂಟೊಸಿಲ್ ಎಂಬ ಸಲ್ಫಾ ಔಷಧವನ್ನು ಮಗಳಿಗೆ ಕೊಟ್ಟನು. ಮಗಳು ಉಳಿದಳು, ಕೈಯೂ ಉಳಿಯಿತು. ೧೯೪೧ರಲ್ಲಿ ಆಕ್ಸ್‌ಫರ್ಡಿನಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸಿನವನ ಮುಖದ ನಂಜಿಗೆ ಪೆನಿಸಿಲಿನ್ ಕೊಟ್ಟಾಗ ಅವನು ಬೆರಗಾಗುವಂತೆ ಚೇತರಿಸಿಕೊಂಡನು. ಔಷಧ ಎಷ್ಟು ಅಪರೂಪವಾಗಿತ್ತೆಂದರೆ ಅವನ ಮೂತ್ರದಿಂದಲೇ ಅದನ್ನು ಮರಳಿ ಶೋಧಿಸಿ ತೆಗೆದು ಮತ್ತೆ ಕೊಟ್ಟರು. ಆದರೂ ಸಾಲದೆ ಹೋಯಿತು. ಮದ್ದು ಮುಗಿಯಿತು, ಮನುಷ್ಯ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಆ ಔಷಧ ಊರೂರಿನ ಔಷಧಾಲಯಗಳಿಗೆ ಬಂದಿತು. “ಸ್ವಲ್ಪ ತರಚಿದೆ” ಎಂದು ಧೈರ್ಯವಾಗಿ ಹೇಳುವ ಹಕ್ಕು ಸಾಮಾನ್ಯ ಮನುಷ್ಯನಿಗೆ ದೊರೆತದ್ದು ಸುಮಾರಾಗಿ ಅಂದಿನಿಂದ.

ಮನೆಯ ಗೂಡಿನಲ್ಲಿರುತ್ತಿದ್ದ ಶೀಶೆಗಳಿಗೂ ಒಂದು ಚರಿತ್ರೆಯಿದೆ. ಪ್ಯಾರಿಸ್ಸಿನ ಕುರ್ತ್ವಾ ಎಂಬವನು ೧೮೧೧ರಲ್ಲಿ ಕಡಲಕಳೆಯ ಬೂದಿಯಿಂದ ಅಯೊಡಿನ್ ಕಂಡನು. ಅದರಿಂದ ಹುಟ್ಟಿದ ಟಿಂಚರು ನಮ್ಮ ಎರಡು ಮೂರು ತಲೆಮಾರಿನ ಮಕ್ಕಳನ್ನು ಅಳಿಸಿದೆ. ಉರಿಯುವ ಮದ್ದೇ ಒಳ್ಳೆಯ ಮದ್ದು ಎಂಬುದು ಹಿರಿಯರ ಸಿದ್ಧಾಂತವಾಗಿತ್ತು. ಉರಿಯದ ಕೆಂಪು ಔಷಧ ಮರ್ಕ್ಯುರೊಕ್ರೋಮ್ ೧೯೧೯ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದು ಮಕ್ಕಳ ಪ್ರೀತಿಯನ್ನು ಗಳಿಸಿತು. ಬಿದ್ದ ಹುಡುಗನ ಮೊಣಕಾಲಿಗೆ ಅದು ಪದಕದಂತೆ ಶೋಭಿಸುತ್ತಿತ್ತು. ಅದರಲ್ಲಿ ಪಾದರಸವಿದ್ದುದರಿಂದ ೧೯೯೮ರಲ್ಲಿ ಅಮೆರಿಕದ ಸರ್ಕಾರ ಅದನ್ನು ಸುರಕ್ಷಿತವೆಂದು ಒಪ್ಪಿದ ಔಷಧಗಳ ಸಾಲಿನಿಂದ ಕೈಬಿಟ್ಟಿತು. ಈಗ ಎಲ್ಲ ಮನೆಗಳಲ್ಲಿರುವ ಅಂಟುಪಟ್ಟಿಯನ್ನು ೧೯೨೦ರಲ್ಲಿ ಮಾಡಿದವನು ಅರ್ಲ್ ಡಿಕ್ಸನ್. ಅವನು ವೈದ್ಯನಲ್ಲ, ಔಷಧ ಕಂಪನಿಗೆ ಹತ್ತಿ ಕೊಳ್ಳುವ ನೌಕರ. ಅಡುಗೆಮನೆಯಲ್ಲಿ ಪದೇ ಪದೇ ಬೆರಳು ಕೊಯ್ದುಕೊಳ್ಳುತ್ತಿದ್ದ ಹೆಂಡತಿಗಾಗಿ ಅದನ್ನು ಮಾಡಿದನು.

ಈ ಚರಿತ್ರೆಯ ಅತ್ಯಂತ ಸ್ವಾರಸ್ಯವಾದ ಘಟ್ಟ ಬಂದದ್ದು ೧೯೬೨ರಲ್ಲಿ. ಅಲ್ಲಿಯವರೆಗೆ ಲೋಕವೆಲ್ಲ ಒಪ್ಪಿದ್ದ ಮಾತೊಂದಿತ್ತು: ಗಾಯಕ್ಕೆ ಗಾಳಿಯಾಡಬೇಕು, ಅದು ಒಣಗಬೇಕು, ಹಕ್ಕಳೆ ಕಟ್ಟಬೇಕು. ಇಂಗ್ಲೆಂಡಿನ ಜಾರ್ಜ್ ವಿಂಟರ್ ಎಳೆಯ ಹಂದಿಗಳ ಮೈಮೇಲೆ ಒಂದೇ ಆಳದ ಗಾಯಗಳನ್ನು ಮಾಡಿ, ಕೆಲವನ್ನು ಗಾಳಿಗೆ ಬಿಟ್ಟನು, ಕೆಲವನ್ನು ತೆಳ್ಳಗಿನ ಪಾಲಿಥಿನ್ ಹಾಳೆಯಿಂದ ಮುಚ್ಚಿದನು. ಮುಚ್ಚಿ ತೇವವಾಗಿ ಇಟ್ಟ ಗಾಯಗಳ ಮೇಲೆ ಹೊಸ ಚರ್ಮ ಸುಮಾರು ಎರಡರಷ್ಟು ಬೇಗ ಹರಡಿತು. ಕಾರಣ ಸರಳ. ತರಚಿದಾಗ ಚರ್ಮದ ಮೇಲ್ಪದರ ಹೋದರೂ ಕೂದಲಿನ ಬೇರುಗಳ ಸುತ್ತ ಮೇಲ್ಪದರದ ಜೀವಕೋಶಗಳು ಉಳಿದಿರುತ್ತವೆ. ಅಲ್ಲಿಂದಲೂ ಗಾಯದ ಅಂಚಿನಿಂದಲೂ ಅವು ತೆವಳಿಕೊಂಡು ಬಂದು ಬಯಲನ್ನು ಮುಚ್ಚುತ್ತವೆ. ನೆಲ ತೇವವಾಗಿದ್ದರೆ ಅವುಗಳ ನಡಿಗೆ ಸಲೀಸು; ಹಕ್ಕಳೆ ಕಟ್ಟಿದ್ದರೆ ಅದರ ಅಡಿಯಲ್ಲಿ ದಾರಿ ಕೊರೆದುಕೊಂಡು ಹೋಗಬೇಕು. ಘಾಟಾದ ಮದ್ದು ಸುರಿದರೆ ರೋಗಾಣುಗಳ ಜೊತೆಗೆ ಈ ಕೋಶಗಳಿಗೂ ಪೆಟ್ಟು. ಆದ್ದರಿಂದ ಈಗ ವೈದ್ಯರು ಹೇಳುವುದು ಇಷ್ಟೇ: ಹರಿಯುವ ಶುದ್ಧ ನೀರಿನಿಂದ ಚೆನ್ನಾಗಿ ತೊಳೆಯಿರಿ, ಮರಳು ಮಣ್ಣಿನ ಕಣ ಉಳಿಯದಂತೆ ತೆಗೆಯಿರಿ, ಒಣಗಲು ಬಿಡದೆ ಶುಭ್ರವಾದ ಪಟ್ಟಿಯಿಂದ ಮುಚ್ಚಿರಿ, ಧನುರ್ವಾಯುವಿನ ಸೂಜಿಯ ಅವಧಿ ಮುಗಿದಿದ್ದರೆ ಹಾಕಿಸಿಕೊಳ್ಳಿರಿ. ಗಾಯ ಆಳವಾಗಿದ್ದರೆ, ಮಣಿಕಟ್ಟು ಊದಿಕೊಂಡರೆ, ತಲೆಗೆ ಪೆಟ್ಟಾಗಿದ್ದರೆ ಮಾತು ಬೇರೆ. ಆಗ ಮನೆಮದ್ದಿಗೆ ಅಲ್ಲಿ ಸ್ಥಳವಿಲ್ಲ.

ಇಲ್ಲಿ ಕನ್ನಡದ ಒಂದು ಧಾತುವಿನ ಮೇಲೆ ವಾಚಕರ ಗಮನ ಸೆಳೆಯಬೇಕೆನ್ನಿಸುತ್ತದೆ. ನಾವು “ವೈದ್ಯರು ಗಾಯವನ್ನು ಮಾಯ್ದರು” ಎನ್ನುವುದಿಲ್ಲ. “ಗಾಯ ಮಾಯಿತು” ಎನ್ನುತ್ತೇವೆ. ಮಾಯುವುದು ಅಕರ್ಮಕ ಕ್ರಿಯೆ. ಅದರ ಕರ್ತೃಪದ ಗಾಯವೇ. ಲಿಸ್ಟರನಿಂದ ವಿಂಟರನವರೆಗಿನ ನೂರು ವರ್ಷಗಳಲ್ಲಿ ವೈದ್ಯಶಾಸ್ತ್ರ ಕಲಿತ ಪಾಠದ ಸಾರವೂ ಇದೇ: ಶತ್ರುವನ್ನು ಹೊರಗೆ ತಡೆ, ಮತ್ತೆ ದಾರಿಗೆ ಅಡ್ಡ ನಿಲ್ಲಬೇಡ.

ನಮ್ಮ ದೇಶದ ಹಿರಿಯರು ಇದನ್ನು ಸ್ವಲ್ಪಮಟ್ಟಿಗೆ ಅರಿತಿದ್ದರು. ಸುಶ್ರುತ ಸಂಹಿತೆ ವ್ರಣಗಳನ್ನು ಎರಡಾಗಿ ವಿಂಗಡಿಸುತ್ತದೆ. ದೇಹದ ಒಳಗಿನ ದೋಷದಿಂದ ಹುಟ್ಟಿದ್ದು ಶಾರೀರ. ಹೊರಗಿನ ಪೆಟ್ಟಿನಿಂದ ಬಂದದ್ದು ಆಗಂತು. ಕರೆಯದೆ ಬಂದ ಅತಿಥಿಯನ್ನು ನಾವು ಆಗಂತುಕನೆನ್ನುವುದನ್ನು ನೆನೆದರೆ ಸೈಕಲ್ಲಿನ ಗಾಯಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ವ್ರಣಕ್ಕೆ ಅರವತ್ತು ಉಪಕ್ರಮಗಳನ್ನೂ ಹದಿನಾಲ್ಕು ಬಗೆಯ ಕಟ್ಟುಗಳನ್ನೂ ಆ ಗ್ರಂಥ ಹೇಳುತ್ತದೆ. ಜೇನು ತುಪ್ಪಗಳಿಗೆ ಅಲ್ಲಿ ಗೌರವದ ಸ್ಥಾನ. ಅರಿಸಿನದ ಮಾತಂತೂ ಮನೆಮನೆಯದು. ೧೯೯೫ರಲ್ಲಿ ಅಮೆರಿಕದ ವಿಶ್ವವಿದ್ಯಾನಿಲಯವೊಂದಕ್ಕೆ ಗಾಯಕ್ಕೆ ಅರಿಸಿನವನ್ನು ಬಳಸುವುದರ ಮೇಲೆ ಪೇಟೆಂಟ್ ದೊರೆತಾಗ, ಭಾರತದ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಪರಿಷತ್ತು ಹಳೆಯ ಗ್ರಂಥಗಳನ್ನು ಸಾಕ್ಷಿಯಾಗಿ ಮುಂದಿಟ್ಟು ವಾದಿಸಿ, ೧೯೯೭ರಲ್ಲಿ ಅದನ್ನು ರದ್ದುಗೊಳಿಸಿತು. ಅಜ್ಜಿಯರ ಪರವಾಗಿ ದೊರೆತ ತೀರ್ಪು ಅದು. ಹಾಗೆಂದು ಸಾರಿನ ಡಬ್ಬಿಯ ಅರಿಸಿನವನ್ನು ಹಸಿಗಾಯಕ್ಕೆ ಮೆತ್ತಬೇಕೆಂದು ಅರ್ಥವಲ್ಲ. ಅಜ್ಜಿಯ ಅರಿಸಿನ ಮನೆಯಲ್ಲೇ ಕುಟ್ಟಿದ್ದು. ಡಬ್ಬಿಯಲ್ಲಿರುವುದು ಯಾವ ಗಿರಣಿಯದೋ, ಶುದ್ಧವೋ ಅಲ್ಲವೋ, ಹೇಳಬಲ್ಲವರಾರು?

ಸ್ವಾತಂತ್ರ್ಯದ ಆಸುಪಾಸಿನವರೆಗೆ ನಮ್ಮ ಊರುಗಳಲ್ಲಿ ಓಡಾಡಿದ ಒಳ್ಳೆಯ ಸೈಕಲ್ಲುಗಳು ಬಹುಪಾಲು ಇಂಗ್ಲೆಂಡಿನವು: ರ‍್ಯಾಲಿ, ಹರ್ಕ್ಯುಲಿಸ್, ಬಿ.ಎಸ್.ಎ. ಅದನ್ನು ಕೊಂಡವರು ಗುಮಾಸ್ತರು, ಉಪಾಧ್ಯಾಯರು, ಅಂಚೆಯವರು. ಗಂಟೆಯ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿಗಳು ಬಂದ ಮೇಲೆ ಕಾಸು ಕೂಡಿಸಿದ ಹುಡುಗರೂ ಬೀಳುವ ಭಾಗ್ಯಕ್ಕೆ ಪಾಲುದಾರರಾದರು. ಹುಡುಗಿಯರು ಬಹಳ ಕಾಲ ಆಗಲಿಲ್ಲ. ೨೦೦೬-೦೭ರಲ್ಲಿ ಕರ್ನಾಟಕ ಸರ್ಕಾರ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತವಾಗಿ ಸೈಕಲ್ ಕೊಡುವ ಯೋಜನೆಯನ್ನು ಆರಂಭಿಸಿದಾಗ ಹಳ್ಳಿಯ ಹೆಣ್ಣುಮಕ್ಕಳು ಹಿಂಡುಹಿಂಡಾಗಿ ಕಲಿತರು. ಕಲಿತರೆಂದ ಮೇಲೆ ಬಿದ್ದರು. ಎದ್ದು ಶಾಲೆಗೆ ಹೋದರು. ಆ ಬೀಳುವಿಕೆಗೆ ಮನೆಯವರು ಹೆದರಿ ಸೈಕಲ್ಲನ್ನು ಮೂಲೆಗಿಡಲಿಲ್ಲವೆಂಬುದರ ಹಿಂದೆ ಗ್ಲಾಸ್ಗೋದ ಆಸ್ಪತ್ರೆಯೂ ಬರ್ಲಿನ್ನಿನ ಪ್ರಯೋಗಶಾಲೆಯೂ ಇವೆ. ಭಾರತದಲ್ಲಿ ಬಾಣಂತಿಯರನ್ನೂ ಎಳೆಗೂಸುಗಳನ್ನೂ ಬಲಿ ತೆಗೆದುಕೊಳ್ಳುತ್ತಿದ್ದ ಧನುರ್ವಾಯು ನಿವಾರಣೆಯಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು ೨೦೧೫ರಲ್ಲಿ. ಬೀಜಾಣು ಮಾತ್ರ ರಸ್ತೆಯ ಮಣ್ಣಿನಲ್ಲಿ ಹಾಗೆಯೇ ಇದೆ, ಅದಕ್ಕೆ ನಿವಾರಣೆಯಿಲ್ಲ. ನಮ್ಮನ್ನು ಕಾಯುತ್ತಿರುವುದು ಸೂಜಿಯೊಂದೇ.

ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ೧೯೪೫ರಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ ಒಂದು ಎಚ್ಚರಿಕೆ ಕೊಟ್ಟಿದ್ದನು: ಔಷಧವನ್ನು ಅರೆಬರೆ ಪ್ರಮಾಣದಲ್ಲಿ ಸೇವಿಸಿದರೆ ರೋಗಾಣುಗಳು ಅದಕ್ಕೆ ಬಗ್ಗದಂತೆ ಪಳಗುತ್ತವೆ ಎಂದು. ಇಂದು ಅಂಗಡಿಯಲ್ಲಿ ಎರಡು ಮಾತ್ರೆ ಕೇಳಿ ಕೊಂಡು, ನೋವು ಕಡಮೆಯಾದೊಡನೆ ಉಳಿದದ್ದನ್ನು ಬಿಡುವ ರೂಢಿಯಿಂದ ಆ ಮಾತು ನಿಜವಾಗುತ್ತಿದೆ. ಹಳೆಯ ಔಷಧಗಳಿಗೆ ಜಗ್ಗದ ರೋಗಾಣುಗಳು ಆಸ್ಪತ್ರೆಗಳನ್ನು ಕಾಡುತ್ತಿವೆ. ತೊಳೆದು ಮುಚ್ಚಿದರೆ ಮಾಯುವ ಮೊಣಕಾಲಿನ ಗಾಯಕ್ಕೆ ಆ ಮಾತ್ರೆಗಳ ಅಗತ್ಯವೇ ಸಾಮಾನ್ಯವಾಗಿ ಇರುವುದಿಲ್ಲ. ಅವನ್ನು ಹೀಗೆ ಪೋಲು ಮಾಡಿದರೆ, ಮುಂದೊಂದು ದಿನ ನಿಜವಾಗಿ ಬೇಕಾದಾಗ ಕೂಲಿಜನ ಮಗನ ಹಾಸಿಗೆಯ ಬಳಿ ನಿಂತ ವೈದ್ಯರಂತೆ ನಮ್ಮ ವೈದ್ಯರೂ ಬರಿಗೈಯಲ್ಲಿ ನಿಂತಾರು. ಮುಂದಿನ ತಲೆಮಾರಿನ ಹುಡುಗಿಯೊಬ್ಬಳು ಸೈಕಲ್ಲಿನಿಂದ ಬಿದ್ದು ಮನೆಗೆ ಬಂದು “ಏನೂ ಇಲ್ಲಮ್ಮ, ಸ್ವಲ್ಪ ತರಚಿದೆ” ಎನ್ನಬೇಕಾದರೆ ಬಚ್ಚಲಲ್ಲಿ ಶುದ್ಧವಾದ ನೀರಿರಬೇಕು, ಸಮಯಕ್ಕೆ ಹಾಕಿಸಿದ ಸೂಜಿಯಿರಬೇಕು, ಕಷ್ಟಕಾಲಕ್ಕೆಂದು ನಾವು ಉಳಿಸಿಟ್ಟ ಔಷಧ ಇನ್ನೂ ಕೆಲಸ ಮಾಡುತ್ತಿರಬೇಕು.